ಬಾನೆಟ್ಟಿನ ಇನ್ನೊಂದು ತುದಿ

ತಗಡಿನ ಜೊತೆ ವಾದ ಮಾಡಲು ಬರುವುದಿಲ್ಲ. ಇದನ್ನು ಕಂಡುಕೊಳ್ಳಲು ನನಗೆ ಇಡೀ ಒಂದು ಬೇಸಿಗೆ ಹಿಡಿಯಿತು. ಮನುಷ್ಯರ ಜೊತೆ ವಾದ ಮಾಡಬಹುದು. ದೇವರ ಜೊತೆಯೂ ಮಾಡಬಹುದು. ಅವನು ಎದುರು ಮಾತಾಡುವುದಿಲ್ಲವಾದ್ದರಿಂದ ಗೆಲುವು ಸುಲಭ. ಬಸ್ಸಿನ ಕಂಡಕ್ಟರ್ ಜೊತೆಯಂತೂ ನಮ್ಮ ಸ್ಟಾಪು ಬರುವ ತನಕ ಧಾರಾಳವಾಗಿ ಮಾಡಬಹುದು. ಆದರೆ ಒಂದು ಹಳೆಯ ಕಾರಿನ ಮಡ್‌ಗಾರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ‘ನೀನೀಗ ಸಪಾಟಾಗಿದ್ದೀಯ, ಅದಕ್ಕೆ ಕಾರಣಗಳು ಹೀಗಿವೆ’ ಎಂದು ಎಷ್ಟು ಅಚ್ಚುಕಟ್ಟಾಗಿ ಮಂಡಿಸಿದರೂ, ಅಂಗೈಯಿಂದ ಸವರಿದರೆ ಬೆಳಿಗ್ಗೆ ಎಲ್ಲಿ ತಗ್ಗಿತ್ತೋ ಸಂಜೆಯೂ ಅಲ್ಲೇ ತಗ್ಗಿರುತ್ತದೆ. ಅದು ನಿಮ್ಮನ್ನು ಒಪ್ಪುವುದೂ ಇಲ್ಲ, ಸಿಟ್ಟು ಮಾಡಿಕೊಂಡು ಎದ್ದು ಹೋಗುವುದೂ ಇಲ್ಲ. ಎದ್ದು ಹೋಗದಿರುವುದು ಅದರ ದೊಡ್ಡ ಗುಣ ಎಂದು ಈಚೆಗೆ ನನಗನ್ನಿಸತೊಡಗಿದೆ.

ಪರಿಚಯ ಹೇಳದೆ ಮುಂದೆ ಹೋದರೆ ನಿಮಗೆ ನನ್ನ ಮೇಲೆ ವಿನಾಕಾರಣ ಮರುಕ ಹುಟ್ಟೀತು. ನಾನು ದೊಡ್ಡಬಳ್ಳಾಪುರದ ಖಾಸಗಿ ಪಿಯು ಕಾಲೇಜೊಂದರಲ್ಲಿ ತರ್ಕಶಾಸ್ತ್ರದ ಪಾಠ ಮಾಡುತ್ತೇನೆ. ‘ಸರ್, ಇದ್ರಲ್ಲಿ ಮಾರ್ಕ್ಸ್ ಸುಲಭ ಅಂದ್ರು’ ಎಂಬ ಒಂದೇ ಆಧಾರವಾಕ್ಯದಿಂದ ಹೊರಟು ನನ್ನ ತರಗತಿಗೆ ಬಂದು ಬಿದ್ದವರೇ ನನ್ನ ವಿದ್ಯಾರ್ಥಿಗಳು. ನಾನು ಓದುವ ಕಾಲಕ್ಕೆ ಚರ್ಚಾಸ್ಪರ್ಧೆಗಳಲ್ಲಿ ಹೆಸರು ಮಾಡಿದ್ದೆ. ಆ ಸ್ಪರ್ಧೆಗಳಿಗೆ ಪ್ರತಿ ಕಾಲೇಜಿನಿಂದಲೂ ಇಬ್ಬರನ್ನು ಕಳಿಸುವುದು ಪದ್ಧತಿ. ಒಬ್ಬ ವಿಷಯದ ಪರ, ಒಬ್ಬ ವಿರೋಧ. ಇಬ್ಬರ ಅಂಕವನ್ನೂ ಕೂಡಿಸಿ ಪರ್ಯಾಯ ಫಲಕ ಕೊಡುತ್ತಾರೆ. ನಮ್ಮ ಕಾಲೇಜಿನಿಂದ ನಾಗರಾಜ ಪರ, ನಾನು ವಿರೋಧ. ವಿಷಯ ಪರಿಸರವಾಗಲಿ, ಪರೀಕ್ಷಾ ಪದ್ಧತಿಯಾಗಲಿ, ಅವನು ಎದ್ದು ಹೌದೆನ್ನುತ್ತಿದ್ದ. ನಾನು ಎದ್ದು ಇಲ್ಲವೆನ್ನುತ್ತಿದ್ದೆ. ಆಮೇಲೆ ಇಬ್ಬರೂ ಸೇರಿ ಫಲಕವನ್ನು ತೊಡೆಯ ಮೇಲಿಟ್ಟುಕೊಂಡು, ಒಂದೇ ಪೊಟ್ಟಣದಿಂದ ಕಡ್ಲೆಕಾಯಿ ತಿನ್ನುತ್ತ ಬಸ್ಸಿನಲ್ಲಿ ಬರುತ್ತಿದ್ದೆವು. ಎದುರುಬದುರು ನಿಂತು ಜಗಳವಾಡಿ ಬಹುಮಾನವನ್ನು ಹಂಚಿಕೊಳ್ಳುವ ಈ ಪದ್ಧತಿ ಮುಂದೆ ಸಂಸಾರಕ್ಕೆ ಒಳ್ಳೆಯ ತರಬೇತಿ ಎಂದು ನಮ್ಮ ಕನ್ನಡ ಮೇಡಂ ಹೇಳುತ್ತಿದ್ದರು. ಸಂಸಾರ ನನಗಿನ್ನೂ ಆಗಿಲ್ಲ. ಆದ್ದರಿಂದ ಆ ಹೇಳಿಕೆಯನ್ನು ಪರೀಕ್ಷಿಸಿ ನೋಡಲಾಗಿಲ್ಲ.

ನಾಗರಾಜನ ಊರು ಸಾಸಲು. ಅವನೀಗ ದೇವನಹಳ್ಳಿ ಕಡೆ ವಿಮಾನಕ್ಕೆ ಸರಕು ತುಂಬಿಸುವ ಕೆಲಸದಲ್ಲಿ ಮೇಲ್ವಿಚಾರಕ. ಅವರೂರಲ್ಲಿ ಮುಚ್ಚಿಹೋದ ಒಂದು ಅಕ್ಕಿ ಗಿರಣಿಯ ಹಿಂದೆ, ಹೊಂಗೆ ಮರದ ಅಡಿಯಲ್ಲಿ, ದುಂಡು ಮೂತಿಯ ಹಳೇ ಕಾರೊಂದು ನಿಂತಿತ್ತು. ಕಾರಿನ ಹೆಸರು ಬೇಡ. ಹೇಳಿದರೆ ನಿಮ್ಮ ಮನೆಯಲ್ಲೊಬ್ಬರು ‘ನಮ್ಮ ಸೋದರಮಾವನ ಹತ್ರ ಇತ್ತು, ಏನು ಗಾಡಿ ಅಂತೀರಾ’ ಎಂದು ಶುರು ಮಾಡುತ್ತಾರೆ. ಈ ಪ್ರಬಂಧ ಅಲ್ಲಿಗೇ ನಿಲ್ಲುತ್ತದೆ. ಗಿರಣಿ ನಡೆಯುತ್ತಿದ್ದ ಕಾಲದಲ್ಲಿ ಅದರ ಸಾಹುಕಾರರಿಗೆ ನಾಗರಾಜನ ಅಪ್ಪ ಡ್ರೈವರು. ಆ ಕಾರನ್ನು ಓಡಿಸುತ್ತಿದ್ದವರು ಅವರೇ. ಆಮೇಲೆ ಅದು ಕೈಯಿಂದ ಕೈಗೆ ಹೋಗಿ, ಟ್ಯಾಕ್ಸಿಯಾಗಿ, ಯಾವುದೋ ಟೆಂಟಿನವರ ಸಾಮಾನು ಹೊತ್ತು, ಕೊನೆಗೆ ತಿರುಗಿ ಅದೇ ಗಿರಣಿಯ ಹಿತ್ತಲಿಗೆ ಬಂದು ಕೋಳಿಗಳಿಗೆ ಮೊಟ್ಟೆಯಿಡುವ ಜಾಗವಾಗಿತ್ತು. ‘ಗುರು, ಇದನ್ನ ತಗೊಂಡ್ಬಿಟ್ಟು ನಾವೇ ರೆಡಿ ಮಾಡೋಣ. ಭಾನುವಾರ ಭಾನುವಾರ ಕೂತ್ರೆ ಎಷ್ಟೊತ್ತಿನ ಕೆಲ್ಸ?’ ಎಂದ ನಾಗರಾಜ. ಈ ಮಾತನ್ನು ಎಲ್ಲ ಕಡೆಯಿಂದಲೂ ಖಂಡಿಸಬಹುದಿತ್ತು. ಅದೇನು ಮಂಕು ಕವಿದಿತ್ತೋ, ಖಂಡಿಸಲಿಲ್ಲ. ಟ್ರ್ಯಾಕ್ಟರಿನ ಟ್ರೈಲರ್ ಮೇಲೆ ಕಾರು ದೊಡ್ಡಬಳ್ಳಾಪುರಕ್ಕೆ ಬಂತು. ಹಿಂದಿನ ಸೀಟಿನಲ್ಲಿ ಕಾವು ಕೂತಿದ್ದ ಒಂದು ಕೋಳಿಯೂ ಇಳಿಯಲೊಲ್ಲದೆ ಜೊತೆಗೇ ಬಂತು. ಅದನ್ನು ವಾಪಸು ಮುಟ್ಟಿಸಲು ನಾಗರಾಜ ಬೈಕಿನಲ್ಲಿ ಮತ್ತೆ ಸಾಸಲಿಗೆ ಹೋದ.

ನಾನು ಬಾಡಿಗೆಗಿರುವ ಮನೆ ಮಗ್ಗದ ಬೀದಿಯಲ್ಲಿದೆ. ಮನೆಯೊಡತಿ ಶಾರದಮ್ಮ. ಅವರ ಪವರ್‌ಲೂಮುಗಳಲ್ಲಿ ಅರ್ಧ ಮಾರಿಹೋಗಿ ಒಂದು ಶೆಡ್ಡು ಖಾಲಿ ಬಿದ್ದಿತ್ತು. ಅದನ್ನು ನಮ್ಮ ಕಾರಿಗೆ ಬಿಟ್ಟುಕೊಟ್ಟರು. ಉಳಿದ ಮಗ್ಗಗಳು ಗೋಡೆಯ ಆಚೆಗೇ ಬೆಳಗಿನಿಂದ ಸಂಜೆಯ ತನಕ ಬಡಿದುಕೊಳ್ಳುತ್ತವೆ. ಆ ಸದ್ದಿನಲ್ಲಿ ಎದುರಿಗಿರುವವನ ತುಟಿ ಅಲ್ಲಾಡುವುದು ಕಾಣುತ್ತದೆಯೇ ಹೊರತು ಮಾತು ಕೇಳುವುದಿಲ್ಲ. ಹಾಗಾಗಿ ಆ ಬೀದಿಯ ಗಂಡಹೆಂಡಿರು ಕರೆಂಟು ಹೋದಾಗ ಮಾತ್ರ ಜಗಳವಾಡುತ್ತಾರೆ. ಎಂಜಿನ್ನನ್ನು ಒಬ್ಬ ಮೆಕ್ಯಾನಿಕ್ ಸರಿಮಾಡಿಕೊಟ್ಟ. ಮೈಕೈ ಕೆಲಸವೆಲ್ಲ, ಎಂದರೆ ತುಕ್ಕು ಕೆರೆಯುವುದು, ಡೆಂಟು ಎತ್ತುವುದು, ತಗ್ಗಿಗೆ ಪುಟ್ಟಿ ತುಂಬುವುದು, ಬಣ್ಣ ಹೊಡೆಯುವುದು, ನಮ್ಮ ಪಾಲಿಗೆ ಉಳಿಯಿತು. ಹಳೇ ಬಣ್ಣವನ್ನು ಉಜ್ಜಿ ತೆಗೆಯುತ್ತ ಹೋದರೆ ಈರುಳ್ಳಿಯ ಹಾಗೆ ಪದರ ಪದರ. ಮೇಲೆ ಬಿಳಿ, ಅದರಡಿ ಟ್ಯಾಕ್ಸಿಯ ಕಪ್ಪು ಹಳದಿ, ಅದರಡಿ ತಿಳಿನೀಲಿ, ಅದರಡಿ ನೇರ ತುಕ್ಕು. ಬಿಸಿಲಿಗೆ ಬಿದ್ದು, ಎಷ್ಟೋ ಸಲ ಕೆರೆಸಿಕೊಂಡು, ಎಲ್ಲಕ್ಕಿಂತ ಮೊದಲಿನ ಬಣ್ಣ ಎಲ್ಲೂ ಉಳಿದಂತೆ ಕಾಣಲಿಲ್ಲ.

ಅಲ್ಲಿ, ಒಂದು ಭಾನುವಾರ ಕರೆಂಟು ಹೋಗಿದ್ದಾಗ, ಜಗಳ ಶುರುವಾಯಿತು. ಕಾರಿಗೆ ಕಡು ಮೆರೂನ್ ಬಣ್ಣ ಒಪ್ಪುತ್ತದೆ ಎಂದು ನಾನು ಆಗಲೇ ನಿರ್ಧರಿಸಿಯಾಗಿತ್ತು. ನಾಗರಾಜ ಬಣ್ಣ ಉಜ್ಜುವ ವಾಟರ್ ಪೇಪರನ್ನು ನೀರಿನ ಮಗ್ಗಿನಲ್ಲಿ ಅದ್ದುತ್ತ, ‘ಮೊದ್ಲು ಇದು ಎಳನೀರು ಗಂಜಿ ಬಣ್ಣ ಇತ್ತು ಕಣೋ. ಅಪ್ಪ ಓಡಿಸ್ತಿದ್ದಾಗ. ಅದನ್ನೇ ಹೊಡಿಯೋಣ’ ಎಂದ.

‘ನಿಂಗಾಗ ಎಷ್ಟು ವಯಸ್ಸು?’ ಎಂದೆ.

‘ಸಣ್ಣೋನು. ಅಪ್ಪನ ತೊಡೆ ಮೇಲೆ ಕೂತು ಸ್ಟೇರಿಂಗ್ ಹಿಡ್ಕೊಂಡಿದ್ದು ನೆನಪೈತೆ.’

‘ಕಾರಿನ ಒಳಗೆ ಕೂತೋನಿಗೆ ಹೊರಗಿನ ಬಣ್ಣ ಹೆಂಗ್ ಕಾಣ್ತಪ್ಪಾ?’

‘ಬಾನೆಟ್ ಕಾಣ್ತಿತ್ತಲ್ಲ, ಗಾಜಿನ ಮುಂದೆ.’

‘ಬಿಸಿಲಿಗೆ ಯಾವ ಬಣ್ಣ ಆದ್ರೂ ಬೆಳ್ಳಗೇ ಕಾಣುತ್ತೆ. ನಿಮ್ಮಪ್ಪ ಯಾವತ್ತಾದ್ರೂ ಹೇಳಿದ್ರಾ, ಇಂಥ ಬಣ್ಣ ಅಂತ?’

‘ಕೇಳಿರ್ಲಿಲ್ಲ. ಈಗ ಕೇಳೋಣ ಅಂದ್ರೆ ಅಪ್ಪ ಎಲ್ಲವ್ರೆ?’

‘ಅಂದ್ರೆ ಸಾಕ್ಷಿ ಇಲ್ಲ.’

ಇದು ಚರ್ಚೆಯ ಮಾಮೂಲಿ ಭಾಷೆ. ವೇದಿಕೆಯ ಮೇಲೆ ಇಂಥ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ನಾಗರಾಜ ಕೈಯಲ್ಲಿದ್ದ ಒದ್ದೆ ಕಾಗದವನ್ನು ಮಡಿಸಿ ಮಗ್ಗಿನ ಬಾಯಿಗೆ ಅಡ್ಡಲಾಗಿ ಇಟ್ಟ. ನಲ್ಲಿಯಲ್ಲಿ ಮೊಣಕೈ ತನಕ ತೊಳೆದುಕೊಂಡ. ‘ನೀನು ಗೆದ್ದೆ ಕಣೋ. ಮೆರೂನೇ ಹೊಡ್ಕೋ’ ಎಂದು ಬೈಕು ಹತ್ತಿದ. ಮುಂದಿನ ಭಾನುವಾರ ಶಿಫ್ಟು ಇದೆಯೆಂದು ಮೆಸೇಜು ಬಂತು. ಅದರ ಮುಂದಿನ ಭಾನುವಾರ ಮೆಸೇಜೂ ಬರಲಿಲ್ಲ. ವಿಮಾನಗಳು ಮಾತ್ರ ನಮ್ಮ ಬೀದಿಯ ಮೇಲೆ ವೇಳೆಗೆ ಸರಿಯಾಗಿ ಹಾದುಹೋಗುತ್ತಿದ್ದವು.

ಒಬ್ಬನೇ ಮಾಡಿದರೆ ಕೆಲಸ ಬೇಗ ಆಗುತ್ತದೆ, ಚರ್ಚೆಗೆ ಹೊತ್ತು ಹಾಳಾಗುವುದಿಲ್ಲ ಎಂದು ನನಗೆ ನಾನೇ ಮಂಡಿಸಿ, ನನಗೆ ನಾನೇ ಒಪ್ಪಿಕೊಂಡೆ. ಪುಟ್ಟಿ ಎಂಬುದು ಒಂದು ವಿಚಿತ್ರ ಪದಾರ್ಥ. ಕಲಸಿದ ಮೇಲೆ ಒಂದು ಹಾಡು ಮುಗಿಯುವಷ್ಟರಲ್ಲಿ ಹಚ್ಚಿಬಿಡಬೇಕು. ತಡವಾದರೆ ಹಲಗೆಯ ಮೇಲೇ ಕಲ್ಲಾಗುತ್ತದೆ. ಇಬ್ಬರಿದ್ದಾಗ ಒಬ್ಬ ಕಲಸುತ್ತಿದ್ದ, ಒಬ್ಬ ಹಚ್ಚುತ್ತಿದ್ದ. ಈಗ ನಾನೇ ಕಲಸಿ, ನಾನೇ ಓಡಿ, ನಾನೇ ಹಚ್ಚಿ, ಶೆಡ್ಡಿನ ನೆಲದಲ್ಲಿ ಕಲ್ಲಾದ ಪುಟ್ಟಿಯ ಉಂಡೆಗಳು ಬೆಳೆಯುತ್ತ ಹೋದವು. ಅವನ್ನು ನೋಡಿ ಶಾರದಮ್ಮ, ‘ಏನ್ ಮೇಷ್ಟ್ರೇ, ರಾಗಿಮುದ್ದೆ ಕಟ್ಟೋದು ಕಲೀತಿದ್ದೀರಾ?’ ಎಂದರು. ಪ್ರೈಮರ್ ಎಂಬ ತಳಬಣ್ಣ ಹೊಡೆದ ಮೇಲೆ ಇನ್ನೊಂದು ಉಪಾಯವಿದೆ. ಅದರ ಮೇಲೆ ತೆಳ್ಳಗೆ ಕಪ್ಪು ಪುಡಿ ಸವರಿ, ಮತ್ತೆ ಉಜ್ಜಬೇಕು. ಸರಿಯಿದ್ದ ಕಡೆ ಕಪ್ಪು ಹೋಗುತ್ತದೆ, ತಗ್ಗಿದ್ದ ಕಡೆ ಉಳಿಯುತ್ತದೆ. ಇದನ್ನು ನಾನು ಮೊಬೈಲಿನ ವಿಡಿಯೋ ನೋಡಿ ಕಲಿತೆ. ಆ ವಿಡಿಯೋ ಮಾಡುವವರಲ್ಲಿ ಒಬ್ಬನ ಮಾತಿಗೆ ಇನ್ನೊಬ್ಬನ ಮಾತು ಕೂಡುವುದಿಲ್ಲ. ಕೆಳಗೆ ಕಾಮೆಂಟಿನಲ್ಲಿ ನಾನು ಅವರವರ ತರ್ಕದೋಷಗಳನ್ನು ವಿವರವಾಗಿ ತೋರಿಸಿಕೊಡುತ್ತಿದ್ದೆ. ಒಬ್ಬ ಉತ್ತರವಾಗಿ ಕೈಮುಗಿಯುವ ಚಿತ್ರ ಹಾಕಿದ. ಆ ವಾರ ನನ್ನೊಡನೆ ನಡೆದ ಅತಿ ದೀರ್ಘ ಸಂಭಾಷಣೆ ಅದೇ.

ಉಜ್ಜುವಾಗ ಬಾಯಿಗೆ ಕೆಲಸವಿರುವುದಿಲ್ಲವಾದ್ದರಿಂದ ನಾನು ಹಳೇ ಸ್ಪರ್ಧೆಗಳ ವಿಷಯಗಳನ್ನೇ ತೆಗೆದು ಮಾತಾಡುತ್ತಿದ್ದೆ. ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳದು. ಮೊದಲು ವಿರೋಧವಾಗಿ ಮಾತಾಡಿ ಮುಗಿಸುತ್ತಿದ್ದೆ. ಆಮೇಲೆ ಪರವಾಗಿ ಯಾರೂ ಮಾತಾಡದೆ ಬಿಟ್ಟರೆ ಅಂಕ ಕೂಡುವುದು ಹೇಗೆಂದು ಅದನ್ನೂ ನಾನೇ ಮಾತಾಡುತ್ತಿದ್ದೆ. ನಾಗರಾಜನಿಗೆ ಒಂದು ಅಭ್ಯಾಸವಿತ್ತು. ತುಂಬ ದುರ್ಬಲವಾದ ಅಂಶ ಹೇಳುವಾಗ ಸಭೆಯ ಕಡೆ ಬಿಟ್ಟು ತನ್ನ ಕೈಗಡಿಯಾರದ ಕಡೆ ನೋಡುತ್ತಿದ್ದ. ಪರವಾಗಿ ಮಾತಾಡುವಾಗ ನಾನೂ ಒಮ್ಮೆ ಮಣಿಕಟ್ಟು ನೋಡಿಕೊಂಡೆ. ಪುಟ್ಟಿಯ ಧೂಳು ಬಿಟ್ಟರೆ ಅಲ್ಲೇನೂ ಇರಲಿಲ್ಲ.

ಕೊನೆಗೆ ಬಾಗಿಲುಗಳಿಗೆ ಮೆರೂನ್ ಹೊಡೆಯುವ ದಿನ ಬಂತು. ಬಣ್ಣ ಸಿಂಪಡಿಸಲು ಕಂಪ್ರೆಸರ್ ಬಾಡಿಗೆಗೆ ತಂದೆ, ನೆಲಕ್ಕೆ ನೀರು ಚಿಮುಕಿಸಿದೆ, ಕಿಟಕಿಗೆ ಒದ್ದೆ ಪಂಚೆ ಕಟ್ಟಿದೆ, ಮುಖಕ್ಕೆ ಮಾಸ್ಕ್ ಹಾಕಿದೆ, ಹೊಡೆದೆ. ಬಣ್ಣ ಕನ್ನಡಿಯ ಹಾಗೆ ಕೂತಿತು. ಟೀ ಕುಡಿದು ಬಂದು ನೋಡಿದರೆ ಬಾಗಿಲಿಗೆ ನರೆ ಬಂದಿದೆ! ಮಗ್ಗದ ಶೆಡ್ಡಿನಿಂದ ಏಳುವ ನೂಲಿನ ಬಿಳಿ ಧೂಳು ಹೆಂಚಿನ ಸಂದಿಯಿಂದ ಇಳಿದು, ಹಸಿ ಬಣ್ಣದ ಮೇಲೆ ಒಂದೂ ಜಾಗ ಬಿಡದೆ ಕೂತಿತ್ತು. ಶಾರದಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ‘ಬೀಟ್ರೂಟ್ ಪಲ್ಯಕ್ಕೆ ಕಾಯಿತುರಿ ಜಾಸ್ತಿ ಆಗೋಯ್ತಲ್ಲ ಮೇಷ್ಟ್ರೇ’ ಎಂದರು. ಮಗ್ಗ ನಿಂತಿರುವಾಗ ಹೊಡೆಯುತ್ತೇನೆ ಎಂದೆ. ‘ನಿಲ್ಲೋದು ಕರೆಂಟ್ ಹೋದಾಗ’ ಎಂದರು. ಕರೆಂಟು ಹೋದರೆ ಕಂಪ್ರೆಸರೂ ನಿಲ್ಲುತ್ತದೆ. ಕರೆಂಟಿದ್ದರೆ ಧೂಳು, ಕರೆಂಟಿಲ್ಲದಿದ್ದರೆ ಗಾಳಿಯಿಲ್ಲ. ತರಗತಿಯಲ್ಲಿ ಉಭಯಸಂಕಟಕ್ಕೆ ಉದಾಹರಣೆ ಸಿಗದೆ ಎಷ್ಟು ವರ್ಷ ಒದ್ದಾಡಿದ್ದೆ. ಅದು ಈಗ ನನ್ನ ಶೆಡ್ಡಿಗೇ ಬಂದು ನಿಂತಿತ್ತು. ರಾತ್ರಿ ಹೊತ್ತು ಕಂಪ್ರೆಸರ್ ಸದ್ದು ಮಾಡಿದರೆ ಬೀದಿಯವರು ಬಿಡುವುದಿಲ್ಲ. ‘ನಿಮಗೆ ವಾರದ ರಜಾ ಯಾವತ್ತು? ಭಾನುವಾರವೂ ನಡೀತಿರುತ್ತಲ್ಲ’ ಎಂದು ಕೇಳಿದೆ.

‘ನಮ್ಗೆ ವಾರದ ಲೆಕ್ಕ ಇಲ್ಲ. ಅಮಾಸೆಗೆ ಮಗ್ಗ ಮುಟ್ಟಲ್ಲ. ಹಗಲೆಲ್ಲಾ ಬೀದಿಗೆ ಬೀದಿನೇ ಬಂದ್. ಆದ್ರೆ ಅಮಾಸೆ ದಿನ ಬಣ್ಣ ಹೊಡಿಯೋಕಾಯ್ತದಾ? ಯಾರೂ ಒಳ್ಳೆ ಕೆಲ್ಸ ಶುರು ಮಾಡಲ್ಲ.’

‘ಅದೆಲ್ಲ ಮೂಢನಂಬಿಕೆ ಶಾರದಮ್ಮ’ ಎಂದು ಹೇಳಿ, ಒಳಗೆ ಹೋಗಿ ಕ್ಯಾಲೆಂಡರಿನಲ್ಲಿ ಮುಂದಿನ ಅಮಾವಾಸ್ಯೆ ಯಾವತ್ತೆಂದು ಹುಡುಕಿದೆ. ಪಂಚಾಂಗದ ವಿರುದ್ಧ ಕಾಲೇಜಿನಲ್ಲಿ ಭಾಷಣ ಮಾಡಿದವನು, ಈ ವಯಸ್ಸಿಗೆ, ಕಪ್ಪು ಚುಕ್ಕೆಯಿರುವ ದಿನವನ್ನು ಬೆರಳಲ್ಲಿ ಹಿಡಿದು ಲೆಕ್ಕ ಹಾಕಿದೆ. ಆದರೆ ಇದಕ್ಕೂ ನಂಬಿಕೆಗೂ ಸಂಬಂಧವಿಲ್ಲ, ಗಮನಿಸಿ. ನಂಬುವವರು ಬೇರೆಯವರು, ಅವರ ನಂಬಿಕೆಯಿಂದ ಧೂಳು ಕಡಿಮೆಯಾಗುತ್ತದೆಂಬುದು ಮಾತ್ರ ನನ್ನ ವಾದ.

ನಡುವಿನ ದಿನಗಳಲ್ಲಿ ಹಾಳಾದ ಮೆರೂನನ್ನು ಉಜ್ಜಿ ತೆಗೆಯಬೇಕಾಯಿತು. ಹಿಂದಿನ ಎಡಬಾಗಿಲಿನ ಚೌಕಟ್ಟಿಗೆ ಹಳೇ ರಬ್ಬರಿನ ಪಟ್ಟಿಯೊಂದು ಕಚ್ಚಿಕೊಂಡಿತ್ತು. ಇಷ್ಟು ದಿನ ಅದನ್ನು ತೆಗೆಯಲು ಉದಾಸೀನ ಮಾಡಿದ್ದೆ. ಸ್ಕ್ರೂಡ್ರೈವರಿನಿಂದ ಮೀಟಿ ಎಳೆದಾಗ ರಬ್ಬರಿನ ಜೊತೆ ಹೆಬ್ಬೆರಳ ಉಗುರಿನಷ್ಟು ಅಗಲದ ಬಣ್ಣದ ಚಕ್ಕೆ ಕಿತ್ತು ಬಂತು. ಬಿಸಿಲು ಕಾಣದ ಜಾಗ, ಯಾರ ಉಜ್ಜುಕಾಗದವೂ ತಲುಪದ ಜಾಗ. ಬಾಗಿಲಿಗೆ ತಂದು ಬೆಳಕಿಗೆ ಹಿಡಿದೆ. ಮೇಲೆ ಬಿಳಿ, ಹಳದಿ, ನೀಲಿ. ಎಲ್ಲಕ್ಕೂ ಅಡಿಯಲ್ಲಿ ಎಳನೀರಿನ ಗಂಜಿಯದೇ ಬಣ್ಣ. ಬಿಳಿಯಲ್ಲ, ಕೆನೆಯೂ ಅಲ್ಲ. ಚಿಪ್ಪಿನಿಂದ ಎಬ್ಬಿಸಿದ ಕೂಡಲೇ ಇರುತ್ತದಲ್ಲ, ಅದು.

ನಾನು ಆ ಚಕ್ಕೆಯನ್ನು ಬಣ್ಣದ ಅಂಗಡಿಗೆ ತೆಗೆದುಕೊಂಡು ಹೋಗಿ, ಅದಕ್ಕೆ ಸರಿಯಾಗಿ ಹೊಂದುವ ಬಣ್ಣ ಕಲಸಿಸಿಕೊಂಡು ಬಂದೆ. ಅವಸರದ ತೀರ್ಮಾನಕ್ಕೆ ಬರಬೇಡಿ. ನನ್ನ ಕಾರಣ ಶುದ್ಧ ವೈಜ್ಞಾನಿಕವಾದದ್ದು. ಅಮಾವಾಸ್ಯೆಯ ದಿನವೂ ಅಷ್ಟಿಷ್ಟು ಧೂಳು ಇದ್ದೇ ಇರುತ್ತದೆ. ನೂಲಿನ ಧೂಳು ಬಿಳಿ. ಕಡು ಬಣ್ಣದ ಮೇಲೆ ಬಿಳಿ ಎದ್ದು ಕಾಣುತ್ತದೆ. ತಿಳಿ ಬಣ್ಣದ ಮೇಲೆ ಕಾಣುವುದಿಲ್ಲ. ಆದ್ದರಿಂದ ತಿಳಿ ಬಣ್ಣ. ತಿಳಿ ಬಣ್ಣಗಳಲ್ಲಿ ಇದೇ ಯಾಕೆ ಎಂದು ನೀವು ಕೇಳಬಹುದು. ಕೇಳಿ. ನನ್ನ ತರಗತಿಯಲ್ಲಿ ಇಂಥ ಪ್ರಶ್ನೆಗಳನ್ನು ನಾಳೆ ನೋಡೋಣ ಎಂದು ಮುಂದಕ್ಕೆ ಹಾಕುತ್ತೇನೆ.

ಅಮಾವಾಸ್ಯೆ ಬುಧವಾರ ಬಿತ್ತು. ರಜೆ ಬೇಕೆಂದು ಪ್ರಿನ್ಸಿಪಾಲರ ಹತ್ತಿರ ಹೋದೆ. ಕಾರಣ ಕೇಳಿದರು. ಸುಳ್ಳು ಹೇಳಲು ಮನಸ್ಸಾಗದೆ ‘ಅಮಾವಾಸ್ಯೆ ಸಾರ್’ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ಪ್ರೀತಿಯಿಂದ ನೋಡಿ, ‘ದಾರಿಗೆ ಬಂದ್ರಲ್ಲ, ಬಿಡಿ. ಆರಾಮಾಗಿ ಪೂಜೆ ಮುಗಿಸ್ಕೊಂಡು ಬನ್ನಿ’ ಎಂದರು. ಅಷ್ಟು ಸುಲಭವಾಗಿ ನನಗೆ ಯಾವತ್ತೂ ರಜೆ ಸಿಕ್ಕಿರಲಿಲ್ಲ.

ಆ ದಿನ ಬೆಳಿಗ್ಗೆ ಎದ್ದಾಗ ಕಿವಿಯಲ್ಲೇನೋ ಕೆಟ್ಟಿದೆ ಅನ್ನಿಸಿತು. ಬೀದಿಯಲ್ಲಿ ಸದ್ದೇ ಇಲ್ಲ. ಯಾರದೋ ಮನೆಯ ಕುಕ್ಕರು ಕೂಗಿದ್ದು, ದೂರದಲ್ಲಿ ಘಾಟಿ ದೇವಸ್ಥಾನಕ್ಕೆ ಹೋಗುವ ಬಸ್ಸು ತಿರುವಿನಲ್ಲಿ ಹಾರನ್ ಹೊಡೆದದ್ದು, ಎಲ್ಲ ಬಿಡಿಬಿಡಿಯಾಗಿ ಕೇಳುತ್ತಿತ್ತು. ಕಂಪ್ರೆಸರಿಗೆ ಗಾಳಿ ತುಂಬಿಸಿಕೊಂಡು ಶುರು ಮಾಡಿದೆ. ಸ್ಪ್ರೇ ಹಿಡಿದ ಕೈ ನಿಲ್ಲಬಾರದು, ಅವಸರಪಡಬಾರದು. ಒಂದು ಪಟ್ಟಿ ಹಸಿಯಿರುವಾಗಲೇ ಅದರ ಅಂಚಿನ ಮೇಲೆ ಇನ್ನೊಂದು ಪಟ್ಟಿ ಹತ್ತಬೇಕು. ನಿಂತರೆ ಇಳಿಯುತ್ತದೆ, ಓಡಿದರೆ ಒರಟಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೈ, ನಾಗರಾಜನಿದ್ದಾಗಲೇ ಬಿಚ್ಚಿ ಗೋಡೆಗೊರಗಿಸಿದ್ದ ಬಾಗಿಲುಗಳು, ಬಾನೆಟ್ಟು, ಎಲ್ಲ ಮುಗಿಯಿತು. ಮಾಸ್ಕ್ ಕಿತ್ತು ನೋಡಿದೆ. ಹೆಂಚಿನ ಸಂದಿಯ ಬೆಳಕು ಬಾನೆಟ್ಟಿನ ಮೇಲೆ ಬಿದ್ದು ಒದ್ದೆಯಾಗಿ ನಿಂತಿತ್ತು. ಜೀವಮಾನದಲ್ಲಿ ನನ್ನ ಕೈಯಿಂದ ಅಷ್ಟು ನುಣುಪಾದದ್ದು ಏನೂ ಹೊರಟಿರಲಿಲ್ಲ. ‘ಹೆಂಗೈತೆ?’ ಎಂದೆ. ಯಾರನ್ನು ಕೇಳಿದೆನೋ ತಿಳಿಯದು. ಗಂಟಲಿನ ಸದ್ದು ಗೋಡೆಗೆ ಬಡಿದು ಬಂತು. ಮಗ್ಗವಿದ್ದಿದ್ದರೆ ಅದೂ ಕೇಳುತ್ತಿರಲಿಲ್ಲ.

ಫೋಟೋ ತೆಗೆದೆ. ಯಾರಿಗೆ ಕಳಿಸುವುದೆಂದು ಹೆಸರುಗಳನ್ನು ಮೇಲೆ ಕೆಳಗೆ ಸರಿಸಿದೆ. ಚಿಕ್ಕಪ್ಪನಿಗೆ ಕಳಿಸಿದರೆ ‘ಈ ದುಡ್ಡಲ್ಲಿ ಹೊಸದೇ ಬರ್ತಿತ್ತಲ್ಲ’ ಎನ್ನುತ್ತಾರೆ. ಸಹೋದ್ಯೋಗಿಗಳಿಗೆ ಕಳಿಸಿದರೆ ನಾನು ಪೂಜೆಯಲ್ಲಿದ್ದೇನೆಂದು ಪ್ರಿನ್ಸಿಪಾಲರು ತಿಳಿದಿರುವುದಕ್ಕೆ ಭಂಗ. ಅಷ್ಟರಲ್ಲಿ ಶಾರದಮ್ಮ ತಟ್ಟೆಯಲ್ಲಿ ಒಬ್ಬಟ್ಟು ಹಿಡಿದು ಬಂದರು. ಅಂತೂ ಒಬ್ಬರಾದರೂ ಪ್ರೇಕ್ಷಕರು ಎಂದು ನಾನು ಪಕ್ಕಕ್ಕೆ ಸರಿದು ನಿಂತೆ. ಅವರು ಹೊಸ್ತಿಲ ಹೊರಗೇ ನಿಂತು, ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ತಟ್ಟೆ ಚಾಚಿದರು. ‘ಅಮಾಸೆ ದಿನ ಹೊಸದರ ಮೇಲೆ ಕಣ್ ಹಾಯಿಸ್ಬಾರ್ದು ಮೇಷ್ಟ್ರೇ. ನಾಳೆ ನೋಡ್ತೀನಿ’ ಎಂದು ಹಾಗೇ ಹಿಂದೆ ತಿರುಗಿದರು. ಒಬ್ಬಟ್ಟಿನ ಮೇಲೆ ತುಪ್ಪ ಧಾರಾಳವಾಗಿತ್ತು. ಕಾರಿನ ಎದುರು ಕೂತು ಒಬ್ಬನೇ ತಿಂದೆ.

ಈಗ ಬಾನೆಟ್ಟಿನ ವಿಷಯಕ್ಕೆ ಬರುತ್ತೇನೆ. ಬಣ್ಣ ಗಟ್ಟಿಯಾದ ಮೇಲೆ ಬಾಗಿಲುಗಳನ್ನು ಇಟ್ಟಿಗೆ ಜೋಡಿಸಿ, ಮೊಣಕಾಲು ಕೊಟ್ಟು, ಹೇಗೋ ಒಬ್ಬನೇ ಕೂರಿಸಿಬಿಟ್ಟೆ. ಬಾನೆಟ್ಟು ಹಾಗಲ್ಲ. ಅದು ಒಂದು ಸಣ್ಣ ಮಂಚದಷ್ಟು ಅಗಲ. ಎರಡೂ ಬದಿಯ ಕೀಲಿಗೆ ಏಕಕಾಲದಲ್ಲಿ ತೂತು ಹೊಂದಬೇಕು. ಒಂದು ಕಡೆ ಬೋಲ್ಟು ಹಾಕಲು ಹೋದರೆ ಇನ್ನೊಂದು ಕಡೆ ಜಾರಿ ಹೊಸ ಬಣ್ಣವನ್ನು ಕೆರೆಯುತ್ತದೆ. ವಿಡಿಯೋ ಮಾಡುವವರು ಬೇರೆಲ್ಲ ವಿಷಯದಲ್ಲೂ ಕಚ್ಚಾಡುವವರು, ಇಲ್ಲಿ ಮಾತ್ರ ಒಂದೇ ಬಾಯಿಯಿಂದ ‘ಇಬ್ಬರು ಬೇಕು’ ಎನ್ನುತ್ತಾರೆ. ಸರ್ವಾನುಮತದ ಅಭಿಪ್ರಾಯಗಳನ್ನು ನಾನು ಯಾವತ್ತೂ ನಂಬಿದವನಲ್ಲ. ಮಗ್ಗದ ಶೆಡ್ಡಿನ ತೊಲೆಗೆ ಹಗ್ಗ ಬಿಗಿದು, ಬಾನೆಟ್ಟಿಗೆ ಕಂಬಳಿ ಸುತ್ತಿ, ತೊಟ್ಟಿಲಿನ ಹಾಗೆ ತೂಗುಬಿಟ್ಟೆ. ಎಡಗಡೆ ಹಿಡಿದರೆ ಬಲಗಡೆ ತಿರುಗಿತು. ಬಲಗಡೆ ಹಿಡಿದರೆ ಇಡೀ ಬಾನೆಟ್ಟೇ ತಿರುಗಿ ನನ್ನ ಬೆನ್ನಿಗೆ ಗುದ್ದಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶಾರದಮ್ಮ, ‘ಮಗು ಮಲಗ್ತಾ?’ ಎಂದು ಕೇಳಿದರು.

‘ನೀವೊಂದು ಕೈ ಹಿಡೀರಿ ಶಾರದಮ್ಮ, ಐದು ನಿಮಿಷ.’

‘ನಾನು ಹಿಡಿಯಲ್ಲ.’

‘ಇವತ್ತೇನೂ ಅಮಾವಾಸ್ಯೆ ಅಲ್ವಲ್ಲ.’

‘ಅಮಾಸೆ ಅಲ್ಲ, ಆದ್ರೂ ಹಿಡಿಯಲ್ಲ. ನಮ್ಮನೆಯವ್ರಿಗೂ ಹೇಳಿದೀನಿ, ಹಿಡೀಬೇಡಿ ಅಂತ. ಹಿಡಿಯೋನು ಒಬ್ನಿದ್ನಲ್ಲ ಮೇಷ್ಟ್ರೇ, ಕೋಳಿ ವಾಪಸ್ ಕೊಡೋಕೆ ಹೋದೋನು. ಅವನ್ನ ಕರೀರಿ.’

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಆದರೆ ಅವರು ಕೇಳಲು ನಿಲ್ಲದೆ ಮಗ್ಗ ಹಾಕಿಬಿಟ್ಟರು.

ಮೆಸೇಜು ಬರೆಯಲು ಕೂತೆ. ಮೊದಲು ಬರೆದದ್ದರಲ್ಲಿ ಪೀಠಿಕೆ, ಧೂಳಿನ ಸಮಸ್ಯೆಯ ಸ್ವರೂಪ, ತಿಳಿ ಬಣ್ಣದ ಅನಿವಾರ್ಯತೆ, ಅದರಿಂದ ನನ್ನ ಮೂಲ ನಿಲುವಿಗೆ ಯಾವ ಧಕ್ಕೆಯೂ ಇಲ್ಲವೆಂಬ ಸ್ಪಷ್ಟನೆ, ಎಲ್ಲ ಇದ್ದವು. ಓದಿ ನೋಡಿದರೆ ಕಾಲೇಜಿನ ಸುತ್ತೋಲೆಯ ಹಾಗಿತ್ತು. ಅಳಿಸಿದೆ. ಕಡೆಗೆ ಕಳಿಸಿದ್ದು ಇಷ್ಟು: ‘ಬಾನೆಟ್ ಕೂರಿಸಬೇಕು. ಇಬ್ಬರು ಬೇಕಂತೆ.’ ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ಅವನಿಗೆ ಬೇಡವಾದರೆ ಆ ಕಾರು ಬಾನೆಟ್ಟಿಲ್ಲದೆ, ಬಾಯಿ ತೆರೆದುಕೊಂಡು, ನನ್ನ ಜೊತೆ ಅಲ್ಲೇ ಇರಬೇಕಾಗುತ್ತದೆ ಎಂಬುದು ನನಗೆ ಆಗ ಖಚಿತವಾಗಿ ಹೊಳೆಯಿತು. ಒಬ್ಬನೇ ಕೂತು ಓಡಿಸುವುದಾದರೆ ನನಗೆ ಕಾರು ಯಾಕೆ? ನಾನು ಬಸ್ಸಿನಲ್ಲಿ ಹೋಗುವವನು.

ಭಾನುವಾರ ಮಧ್ಯಾಹ್ನಕ್ಕೆ ಮುಂಚೆ ಬೈಕು ಬಂದು ನಿಂತಿತು. ನಾಗರಾಜ ಹೆಲ್ಮೆಟ್ ತೆಗೆಯುತ್ತ ಒಳಗೆ ಬಂದು ಹಾಗೇ ನಿಂತ. ಆಚೆ ಕಡೆ ಮಗ್ಗಗಳು ಪೂರ್ತಿ ಭರದಲ್ಲಿದ್ದವು. ಅವನು ಕಾರನ್ನು ಒಂದು ಸುತ್ತು ಬಂದ. ಬಾಗಿಲನ್ನು ಮುಟ್ಟಲಿಲ್ಲ, ಮುಟ್ಟುವಷ್ಟು ಹತ್ತಿರ ಕೈ ಹಿಡಿದುಕೊಂಡು ನಡೆದ. ನಾನು ಸಿದ್ಧಪಡಿಸಿಕೊಂಡಿದ್ದ ಧೂಳಿನ ವಾದವನ್ನು ಜೋರಾಗಿ ಮಂಡಿಸತೊಡಗಿದೆ. ಅವನು ಕಿವಿಯ ಹತ್ತಿರ ಕೈ ಆಡಿಸಿ, ಕೇಳಿಸುತ್ತಿಲ್ಲವೆಂದು ಸನ್ನೆ ಮಾಡಿ, ಬಾನೆಟ್ಟಿನ ಕಡೆ ಬೆರಳು ತೋರಿಸಿದ. ಎತ್ತಿದೆವು. ಅವನು ಆ ಕಡೆ, ನಾನು ಈ ಕಡೆ. ಒಬ್ಬನೇ ಇದ್ದಾಗ ಕೋಣದ ಹಾಗೆ ತಿರುಗುತ್ತಿದ್ದ ವಸ್ತು ಈಗ ತಟ್ಟೆಯ ಹಾಗೆ ಸುಮ್ಮನಿತ್ತು. ನಾನು ಇನ್ನೂ ಮಾತಾಡುತ್ತಲೇ ಇದ್ದೆ. ಧೂಳಿನದು ಮುಗಿದಿತ್ತು. ಹೇಗೂ ಕೇಳಿಸುವುದಿಲ್ಲ ಎಂಬ ಧೈರ್ಯದ ಮೇಲೆ, ಬಾಯಿಗೆ ಬಂದದ್ದನ್ನು ಕಂಠಶೋಷಣೆ ಮಾಡಿಕೊಂಡು ಕೂಗುತ್ತಿದ್ದೆ. ಆಗ ಕರೆಂಟು ಹೋಯಿತು. ಇಡೀ ಬೀದಿಯ ಮಗ್ಗಗಳು ಒಟ್ಟಿಗೇ ನಿಂತವು. ಆ ಮೌನದಲ್ಲಿ ನನ್ನ ಧ್ವನಿ ಒಂದೇ, ಬೀದಿಯ ಆ ತುದಿಯ ತನಕ ಮುಟ್ಟುವ ಹಾಗೆ:

‘ಭಾನುವಾರಗಳು ಭಾಳ ಉದ್ದ ಆಗೋಗವೆ ಕಣೋ ನಾಗಾ!’

ಗೋಡೆಯ ಆಚೆಯಿಂದ ಶಾರದಮ್ಮನ ದನಿ ಬಂತು. ‘ಹೌದಾ ಮೇಷ್ಟ್ರೇ? ನಮ್ಗೆ ಸಾಕಾಗೋದೇ ಇಲ್ಲ!’ ಆಮೇಲೆ ಅಲ್ಲಿದ್ದವರೆಲ್ಲ ನಕ್ಕದ್ದು ಕೇಳಿಸಿತು.

ನಾಗರಾಜ ನಗಲಿಲ್ಲ. ಅವನ ಮುಖ ಬಾನೆಟ್ಟಿನ ಆಚೆ ಇತ್ತು, ಸರಿಯಾಗಿ ಕಾಣುತ್ತಿರಲಿಲ್ಲ. ‘ಲೇ, ಭಾರ ಐತೆ. ಮೊದ್ಲು ಬೋಲ್ಟ್ ಹಾಕು’ ಎಂದ. ಹಾಕಿದೆ. ಅವನ ಕಡೆಯದನ್ನು ಅವನು ಹಾಕಿದ. ಬಾನೆಟ್ಟನ್ನು ಮೆಲ್ಲಗೆ ಇಳಿಸಿದೆವು. ಎರಡೂ ಬದಿಯ ಸಂದು ಒಂದೇ ಸಮ ಕೂತಿತು. ಅವನು ಬಾಗಿಲು ತೆಗೆದು ಒಳಗೆ ಹೋಗಿ ಸ್ಟೇರಿಂಗ್ ಮುಂದೆ ಕೂತ. ಗಾಜಿನ ಮೂಲಕ ಬಾನೆಟ್ಟನ್ನು ನೋಡಿದ. ತುಂಬ ಹೊತ್ತು ನೋಡಿದ. ನಾನು ಹೊರಗೆ ನಿಂತು ಅವನ ಬಾಯಿಯನ್ನೇ ನೋಡುತ್ತಿದ್ದೆ. ತೀರ್ಪುಗಾರರು ಅಂಕ ಕೂಡುವಾಗಲೂ ನಾನು ಹಾಗೆ ನಿಂತಿರಲಿಲ್ಲ.

ಇಳಿದು ಬಂದವನು, ‘ಇದಲ್ಲ ಕಣೋ ಬಣ್ಣ’ ಎಂದ. ‘ಹತ್ರ ಹತ್ರ ಬಂದೈತೆ. ಆದ್ರೆ ಒಂಚೂರು ಹಳದಿ ಜಾಸ್ತಿ ಇತ್ತು. ಮತ್ತೆ ಹೊಡಿಬೇಕಾಯ್ತದೆ.’ ಹೀಗೆನ್ನುವಾಗ ಅವನು ಕಾರಿನ ಕಡೆ ನೋಡದೆ ತನ್ನ ಕೈಗಡಿಯಾರದ ಕಡೆ ನೋಡುತ್ತಿದ್ದ.

ಆ ಚಕ್ಕೆ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ತೆಗೆದು ಬಾನೆಟ್ಟಿನ ಮೇಲಿಟ್ಟರೆ ಎಲ್ಲಿ ಚಕ್ಕೆ, ಎಲ್ಲಿ ಬಾನೆಟ್ಟು ಎಂದು ಗುರುತು ಸಿಗದಷ್ಟು ಒಂದೇ ಬಣ್ಣ. ಇಷ್ಟು ಗಟ್ಟಿಯಾದ ಸಾಕ್ಷ್ಯ ನನ್ನ ಚರ್ಚಾಜೀವನದಲ್ಲೇ ನನಗೆ ಸಿಕ್ಕಿರಲಿಲ್ಲ. ಕೈ ಜೇಬಿನ ತನಕ ಹೋಯಿತು. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡೆ. ‘ಹೌದಾ? ಎಷ್ಟು ಹಳದಿ?’ ಎಂದು ಕೇಳಿದೆ. ಅವನು ಬಾಳೆಹೂವಿನಿಂದ ಶುರು ಮಾಡಿ ಹಸುವಿನ ಬೆಣ್ಣೆಯ ತನಕ ಹೋಗಿ, ನಡುವೆ ಅಪ್ಪನ ಒಂದು ಅಂಗಿಯ ವಿಷಯ ಹೇಳಿ, ಆ ಅಂಗಿಯಿಂದ ಅಪ್ಪನ ವಿಷಯ ಹೇಳಿ, ಒಂದು ಮಧ್ಯಾಹ್ನವೆಲ್ಲ ಮಾತಾಡಿದ. ಅವನ ಒಂದು ಉಪಮೆಗೆ ಇನ್ನೊಂದು ಉಪಮೆ ಹೊಂದುತ್ತಿರಲಿಲ್ಲ. ನಾನು ಎಲ್ಲಕ್ಕೂ ಹೂಂಗುಟ್ಟಿದೆ.

ಬಣ್ಣ ಸರಿಯಾಗಿಯೇ ಇದೆ. ಇದನ್ನು ನಿಮಗಷ್ಟೇ ಹೇಳುತ್ತಿದ್ದೇನೆ, ದಯವಿಟ್ಟು ಸಾಸಲಿನ ಕಡೆ ಹೋದರೆ ಬಾಯಿ ಬಿಡಬೇಡಿ. ಮತ್ತೆ ಬಣ್ಣ ಹೊಡೆಯಬೇಕೆಂದರೆ ಮೊದಲು ಬಾನೆಟ್ಟು ಬಿಚ್ಚಬೇಕು. ವಿಡಿಯೋಗಳನ್ನೆಲ್ಲ ಮತ್ತೊಮ್ಮೆ ಕೂತು ನೋಡಿದೆ. ಬಿಚ್ಚುವುದಕ್ಕೂ ಇಬ್ಬರು ಬೇಕಂತೆ. ಈ ಸರ್ವಾನುಮತದ ಅಭಿಪ್ರಾಯದಲ್ಲಿ ನನಗೆ ಯಾವ ದೋಷವೂ ಕಾಣುತ್ತಿಲ್ಲ.